ಒಂದೇ ಟಿವಿ, ಹಲವು ರಿಯಾಲಿಟಿ ಶೋ: ನಿಮ್ಮ ಮನೆಗೆ ಯಾವುದು ಹೊಂದುತ್ತದೆ?

ಮನೆಯಲ್ಲಿ ಟಿವಿ ಒಂದು, ನೋಡುವವರು ಐದು ಮಂದಿ. ಅಜ್ಜಿಗೆ ಹಾಡು ಬೇಕು, ಕಾಲೇಜಿಗೆ ಹೋಗುವ ಮಗಳಿಗೆ ಬಿಗ್ ಬಾಸ್ ಬೇಕು, ಅಪ್ಪನಿಗೆ ರಸಪ್ರಶ್ನೆ, ಚಿಕ್ಕವನಿಗೆ ನಗಿಸುವಂಥದ್ದು ಯಾವುದಾದರೂ ಸರಿ. ಅಮ್ಮನಿಗೆ ಏನು ಬೇಕೆಂದು ಕೇಳುವವರಿಲ್ಲ. ಉಳಿದವರು ಹಾಕಿದ್ದನ್ನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಇಂಥ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ರಿಮೋಟಿಗಾಗಿ ನಡೆಯುವ ಜಗಳ ಸಣ್ಣದಲ್ಲ. ಯಾವುದನ್ನು ನೋಡುವುದು, ಯಾವುದಕ್ಕೆ ಚಂದಾ ಕಟ್ಟುವುದು, ಮಕ್ಕಳ ಜೊತೆ ಕೂತು ನೋಡಲು ಯಾವುದು ಸರಿ ಎಂದು ನನ್ನನ್ನು ಕೇಳುವ ಗೆಳೆಯರೂ ನೆಂಟರೂ ಬಹಳ. ನಾನು ಈ ಕಾರ್ಯಕ್ರಮಗಳನ್ನು ಇಷ್ಟಪಟ್ಟು ನೋಡುವವನು. ರಿಯಾಲಿಟಿ ಶೋ ಎಂದ ಕೂಡಲೇ ಮೂಗು ಮುರಿಯುವವರ ಸಾಲಿಗೆ ನಾನು ಸೇರಿಲ್ಲ. ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಿಲ್ಲ. ಅವುಗಳ ನಡುವೆ ದೊಡ್ಡ ಅಂತರವಿದೆ.

ಅಳೆಯುವುದು ಹೇಗೆ

ಮೊದಲು ನೋಡಬೇಕಾದದ್ದು ಸಮಯ. ವಾರಕ್ಕೆ ಎಷ್ಟು ಗಂಟೆ ಎನ್ನುವುದು ಒಂದು ಲೆಕ್ಕ. ಒಂದು ಕಂತು ತಪ್ಪಿದರೆ ಮುಂದಿನದು ಅರ್ಥವಾಗುತ್ತದೆಯೇ ಎನ್ನುವುದು ಅದಕ್ಕಿಂತ ಮುಖ್ಯ. ಕೆಲವು ಕಾರ್ಯಕ್ರಮಗಳನ್ನು ನಡುವಿನಿಂದ ನೋಡಿದರೂ ರುಚಿ ಕೆಡುವುದಿಲ್ಲ. ಇನ್ನು ಕೆಲವು ದಿನವೂ ಹಾಜರಿ ಕೇಳುತ್ತವೆ.

ಆಮೇಲೆ, ನಿಮ್ಮ ಜೊತೆ ಕೂರುವವರು ಯಾರು ಎಂಬ ಪ್ರಶ್ನೆ. ಒಬ್ಬರೇ ಮೊಬೈಲಿನಲ್ಲಿ ನೋಡುವುದಕ್ಕೂ, ಎಂಟು ವರ್ಷದ ಮಗು ಮತ್ತು ಎಪ್ಪತ್ತೈದು ವರ್ಷದ ಮಾವನ ಜೊತೆ ಹಾಲಿನಲ್ಲಿ ಕೂತು ನೋಡುವುದಕ್ಕೂ ಬೇರೆ ಬೇರೆ ಉತ್ತರಗಳಿವೆ. ದುಡ್ಡಿನ ವಿಷಯವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ. ಭಾಷೆಯನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಬೆಳೆಯುವ ಕನ್ನಡದ ಮಕ್ಕಳಿಗೆ ಧಾರವಾಡದ ಮಾತು, ಮಂಡ್ಯದ ಮಾತು, ಮಂಗಳೂರಿನ ಮಾತು ಕಿವಿಗೆ ಬೀಳುವುದು ಎಷ್ಟೋ ಸಲ ಟಿವಿಯಿಂದಲೇ.

ಇವೆಲ್ಲಕ್ಕಿಂತ ಮೇಲೆ ನಾನು ಇಟ್ಟುಕೊಂಡಿರುವ ಅಳತೆ ಒಂದಿದೆ. ಕ್ಯಾಮೆರಾ ಮುಂದೆ ನಿಂತ ಸಾಮಾನ್ಯ ಮನುಷ್ಯನನ್ನು ಆ ಕಾರ್ಯಕ್ರಮ ಹೇಗೆ ನಡೆಸಿಕೊಳ್ಳುತ್ತದೆ? ಆತ ಸೋತಾಗ ಏನು ತೋರಿಸುತ್ತದೆ? ಅತ್ತಾಗ ಕ್ಯಾಮೆರಾ ಎಷ್ಟು ಹತ್ತಿರ ಹೋಗುತ್ತದೆ? ಆಟ ಮುಗಿದ ಮೇಲೆ ಅವನ ಕೈಯಲ್ಲಿ ಏನು ಉಳಿಯುತ್ತದೆ? ಈ ಪ್ರಶ್ನೆ ನನಗೆ ಯಾಕೆ ಮುಖ್ಯವೆಂದರೆ, ಕನ್ನಡದ ರಿಯಾಲಿಟಿ ಶೋಗಳ ಚರಿತ್ರೆಯಲ್ಲಿ ರಾಜೇಶ್ ಎಂಬ ಯುವಕನ ಕಥೆ ಇದೆ. ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟು ಹಾಡಿಯಿಂದ ಬಂದು ಸುವರ್ಣ ವಾಹಿನಿಯ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಕಾರ್ಯಕ್ರಮದಲ್ಲಿ ಗೆದ್ದವನು ಅವನು. ನಾಡಿಗೆ ನಾಡೇ ಅವನನ್ನು ಮೆಚ್ಚಿತು, ಸಿನಿಮಾದಲ್ಲಿ ನಾಯಕನಾದ. 2013ರಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡ. ಅವನ ಸಾವಿಗೆ ಇಂಥದ್ದೇ ಕಾರಣವೆಂದು ಬೊಟ್ಟು ಮಾಡುವ ಹಕ್ಕು ನನಗಿಲ್ಲ. ಆದರೆ ಕಾಡಿನ ಹುಡುಗನೊಬ್ಬನನ್ನು ಪೇಟೆಯ ಬೆಳಕಿಗೆ ತಂದು ನಿಲ್ಲಿಸುವುದು ಆಟದ ಮಾತಲ್ಲ ಎಂದು ಅಂದಿನಿಂದ ನನಗೆ ಅನ್ನಿಸಿದೆ. ಅದಾದ ಮೇಲೆ ಯಾವ ಕಾರ್ಯಕ್ರಮ ನೋಡಲು ಕೂತರೂ ಈ ಅಳತೆಗೋಲು ನನ್ನ ಜೊತೆಗಿರುತ್ತದೆ.

ಬಿಗ್ ಬಾಸ್: ಸೆಳೆತವೂ ಬೆಲೆಯೂ ದೊಡ್ಡದು

ಹೆಚ್ಚಿನವರ ಗೊಂದಲ ಇರುವುದೇ ಇಲ್ಲಿ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಸ್ಪರ್ಧಿಗಳನ್ನು ಒಂದೇ ಮನೆಯಲ್ಲಿ ಕೂಡಿಹಾಕಿ, ವೀಕ್ಷಕರ ಮತದಿಂದ ಒಬ್ಬೊಬ್ಬರನ್ನೇ ಹೊರಕಳಿಸುವ ಆಟ ಇದು. 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಶುರುವಾದ ‘ಬಿಗ್ ಬ್ರದರ್’ ಇದರ ಮೂಲ. ಕನ್ನಡಕ್ಕೆ ಬಂದದ್ದು 2013ರಲ್ಲಿ, ಈಟಿವಿ ಕನ್ನಡದ ಮೂಲಕ. ಮೊದಲ ಸೀಸನ್ನಿನಿಂದಲೂ ನಿರೂಪಕರು ಸುದೀಪ್ ಅವರೇ. ಮೊದಲ ಸಲ ವಿಜಯ ರಾಘವೇಂದ್ರ ಗೆದ್ದರು. ಎರಡನೆಯ ಸೀಸನ್ ಸುವರ್ಣಕ್ಕೆ ಹೋಗಿ ಅಕುಲ್ ಬಾಲಾಜಿ ಗೆದ್ದರು. ಮೂರನೆಯದರಿಂದ ಕಲರ್ಸ್ ಬಳಗದಲ್ಲೇ ಉಳಿದಿದೆ.

ಇದರ ಸೆಳೆತ ಎಲ್ಲಿದೆ ಎಂದು ನಾನು ಯೋಚಿಸಿದ್ದೇನೆ. ಜಗಳವೇ ಎಲ್ಲವೂ ಅಲ್ಲ. ಹೊರಗಿನ ಸುದ್ದಿ ಇಲ್ಲದೆ, ಫೋನಿಲ್ಲದೆ, ಪಾತ್ರೆ ಯಾರು ತೊಳೆಯಬೇಕು, ಚಪಾತಿ ಯಾರು ಲಟ್ಟಿಸಬೇಕು ಎಂಬಂಥ ಸಣ್ಣ ವಿಷಯಗಳ ನಡುವೆ ಮನುಷ್ಯ ಹೇಗೆ ಬದಲಾಗುತ್ತಾನೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ಕಾರ್ಯಕ್ರಮ ನಮ್ಮಲ್ಲಿ ಇಲ್ಲ. ಐದನೆಯ ಸೀಸನ್ನಿನಲ್ಲಿ ಜನಸಾಮಾನ್ಯರ ನಡುವಿನಿಂದ ಬಂದ ಸೇಲ್ಸ್‌ಮನ್ ದಿವಾಕರ್, ಸಿನಿಮಾ-ಕಿರುತೆರೆಯ ಹೆಸರುಗಳನ್ನು ಹಿಂದೆ ಹಾಕಿ ಕೊನೆಯ ಹಂತಕ್ಕೆ ಬಂದು ಆ ಸಲ ಗೆದ್ದ ಗಾಯಕ ಚಂದನ್ ಶೆಟ್ಟಿಯವರ ಪಕ್ಕದಲ್ಲಿ ನಿಂತರು. ಆರನೆಯದರಲ್ಲಿ ಕೃಷಿ ಓದಿ ಬೇಸಾಯಕ್ಕಿಳಿದ ಶಶಿ ಕುಮಾರ್ ಗೆದ್ದರು. ಇಂಥದ್ದನ್ನು ನೋಡುವಾಗ ಮನೆಯವರೆಲ್ಲ ಒಟ್ಟಿಗೆ ಕೂಗುವ ಸಂತೋಷವೇ ಬೇರೆ. ವಾರಾಂತ್ಯದ ಪಂಚಾಯಿತಿಯಂತೂ ಹಲವು ಮನೆಗಳಲ್ಲಿ ಹಬ್ಬದಂತೆ. ವಾರವಿಡೀ ಯಾರು ಸರಿ, ಯಾರು ತಪ್ಪು ಎಂದು ನಾವು ವಾದಿಸಿದ್ದಕ್ಕೆ ಸುದೀಪ್ ಶನಿವಾರ ಏನು ಹೇಳುತ್ತಾರೆ ಎಂದು ಕಾಯುತ್ತೇವೆ. ಅವರ ಚಪ್ಪಾಳೆ ಯಾರಿಗೆ ಸಿಕ್ಕಿತು ಎನ್ನುವುದು ಸೋಮವಾರದ ಬಸ್ಸಿನಲ್ಲೂ ಕಚೇರಿಯಲ್ಲೂ ಮಾತಿಗೆ ಬರುತ್ತದೆ.

ಈಗ ಬೆಲೆಯ ಮಾತು. ವಾರದ ಏಳೂ ದಿನ, ದಿನಕ್ಕೆ ಜಾಹೀರಾತು ಸೇರಿ ಒಂದೂವರೆ ಗಂಟೆಯ ಆಸುಪಾಸು, ನೂರು ದಿನಕ್ಕೂ ಮೇಲೆ. ಒಟ್ಟು ಸುಮಾರು 150 ಗಂಟೆ. ಅಷ್ಟು ಹೊತ್ತಿನಲ್ಲಿ ಎರಡೂವರೆ ಗಂಟೆಯ 60 ಸಿನಿಮಾಗಳನ್ನು ನೋಡಬಹುದು. ಒಂದು ವಾರ ಬಿಟ್ಟರೆ ಯಾರು ಯಾರ ಮೇಲೆ ಯಾಕೆ ಮುನಿದಿದ್ದಾರೆ ಎಂದು ತಿಳಿಯುವುದಿಲ್ಲ. ಈಚಿನ ಸೀಸನ್‌ಗಳು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ಭಾಗದಲ್ಲಿ ಶುರುವಾಗಿ ಜನವರಿಯಲ್ಲಿ ಮುಗಿದಿವೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಓದುವ ಮಗು ಇದ್ದರೆ, ಅದರ ಓದು ಬಿಗಿಯಾಗಬೇಕಾದ ತಿಂಗಳುಗಳೂ ಇವೇ. ರಾತ್ರಿ ಒಂಬತ್ತೂವರೆಗೆ ಹಾಲಿನಿಂದ ಕಿರುಚಾಟ ಕೇಳಿಬರುತ್ತಿದ್ದರೆ ಕೋಣೆಯಲ್ಲಿ ಕೂತ ಮಗು ಓದುವುದಾದರೂ ಹೇಗೆ?

ನಡೆಸಿಕೊಳ್ಳುವ ಬಗೆಯಲ್ಲಿ ಇದರ ಅಂಕ ಸೀಸನ್ನಿನಿಂದ ಸೀಸನ್ನಿಗೆ, ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಹನ್ನೊಂದನೆಯ ಸೀಸನ್ನಿನಲ್ಲಿ ಮನೆಯನ್ನು ಸ್ವರ್ಗ, ನರಕ ಎಂದು ಎರಡು ಮಾಡಿದ್ದರು. ನರಕದವರಿಗೆ ಕೊಟ್ಟ ಸೌಕರ್ಯದ ಬಗ್ಗೆ ರಾಜ್ಯ ಮಹಿಳಾ ಆಯೋಗ ಪ್ರಶ್ನೆ ಎತ್ತಿತು, ಆಮೇಲೆ ಆ ಗೋಡೆ ಬಿತ್ತು. ವಾರಕ್ಕೊಬ್ಬರನ್ನು ‘ಕಳಪೆ’ ಎಂದು ಆರಿಸಿ ಜೈಲಿಗೆ ಹಾಕುವ ಪದ್ಧತಿ ನನಗೆ ಎಂದೂ ಹಿಡಿಸಿಲ್ಲ. ಆಟ ಕಳಪೆ ಎನ್ನಬಹುದು, ಮನುಷ್ಯ ಕಳಪೆ ಎಂದು ಮಗುವಿನ ಮುಂದೆ ಹೇಳುವುದು ಸರಿಯಲ್ಲ. ಇನ್ನೊಂದು ಸಂಗತಿಯನ್ನು ಹೆಣ್ಣುಮಕ್ಕಳಿರುವ ಮನೆಯವರು ಗಮನಿಸಬೇಕು: ಮೊದಲ ಹನ್ನೊಂದು ಸೀಸನ್‌ಗಳ ವಿಜೇತರಲ್ಲಿ ಹೆಣ್ಣು ಒಬ್ಬರೇ, ಮೂರನೆಯ ಸೀಸನ್ನಿನ ಶ್ರುತಿ. ಗಟ್ಟಿಯಾಗಿ ಮಾತನಾಡುವ ಗಂಡು ನಮಗೆ ‘ನೇರ ನುಡಿಯವನು’, ಗಟ್ಟಿಯಾಗಿ ಮಾತನಾಡುವ ಹೆಣ್ಣು ‘ಜಗಳಗಂಟಿ’. ಮತ ಹಾಕುವವರು ನಾವೇ ಆದ್ದರಿಂದ ಇದರ ಹೊಣೆ ವಾಹಿನಿಯೊಂದರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಇಪ್ಪತ್ತನಾಲ್ಕು ಗಂಟೆ ಚಿತ್ರೀಕರಿಸಿದ್ದು ನಮಗೆ ಒಂದೂವರೆ ಗಂಟೆಯಾಗಿ ಬರುತ್ತದೆ ಎಂಬುದನ್ನೂ ಮರೆಯಬಾರದು. ಒಬ್ಬರು ಸಿಟ್ಟಾದ ಒಂದು ನಿಮಿಷ ತೆರೆಯ ಮೇಲೆ ಬರುತ್ತದೆ, ಅದಕ್ಕೆ ಮುಂಚೆ ಅವರು ಆರು ಗಂಟೆ ತಾಳಿಕೊಂಡದ್ದು ಬರುವುದಿಲ್ಲ. ಹದಿಹರೆಯದ ಮಕ್ಕಳ ಜೊತೆ ನೋಡುವವರು ಇದನ್ನು ಅವರಿಗೆ ಹೇಳಿಕೊಟ್ಟು ನೋಡಿದರೆ ಬಿಗ್ ಬಾಸ್ ಒಳ್ಳೆಯ ಪಾಠವೂ ಆಗಬಲ್ಲದು. ಹತ್ತು ವರ್ಷದ ಒಳಗಿನ ಮಕ್ಕಳ ಜೊತೆ ಮಾತ್ರ ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಸಮಯ ಕಡಿಮೆ ಇದ್ದೂ ಬಿಡಲಾಗದವರಿಗೆ ಒಂದು ದಾರಿ: ಶನಿವಾರ, ಭಾನುವಾರದ ಕಂತುಗಳನ್ನು ಮಾತ್ರ ನೋಡಿ. ವಾರದಲ್ಲಿ ನಡೆದದ್ದರ ತಿರುಳು ಅಲ್ಲಿ ಸಿಗುತ್ತದೆ. ಆದರೆ ಹಾಗೆ ನೋಡಿದರೆ ಸ್ಪರ್ಧಿಗಳನ್ನು ನೀವು ಸುದೀಪ್ ಅವರ ಕಣ್ಣಿನಿಂದಲೇ ನೋಡಿದಂತಾಗುತ್ತದೆ, ನಿಮ್ಮದೇ ತೀರ್ಮಾನಕ್ಕೆ ಜಾಗ ಕಡಿಮೆ.

ಸರಿಗಮಪ: ಹಾಡು ಮೊದಲು, ಕಣ್ಣೀರು ಆಮೇಲೆ

ಹನುಮಂತ ಎಂಬ ಹಾವೇರಿ ಜಿಲ್ಲೆಯ ಹುಡುಗ ಕನ್ನಡ ಪ್ರೇಕ್ಷಕರಿಗೆಲ್ಲ ಗೊತ್ತು. ಕುರಿ ಕಾಯುತ್ತಿದ್ದವನು, ಜೀ ಕನ್ನಡದ ಸರಿಗಮಪ ಹದಿನೈದನೆಯ ಸೀಸನ್ನಿಗೆ ಬಂದು ಎರಡನೆಯ ಸ್ಥಾನ ಪಡೆದ; ಮೊದಲ ಸ್ಥಾನ ಕೀರ್ತನ್ ಹೊಳ್ಳ ಅವರದು. ವರ್ಷಗಳು ಕಳೆದು ಅದೇ ಹನುಮಂತ ವೈಲ್ಡ್ ಕಾರ್ಡ್ ಮೂಲಕ, ಅಂದರೆ ಆಟ ಶುರುವಾದ ಮೇಲೆ ನಡುವೆ ಸೇರಿ, ಬಿಗ್ ಬಾಸ್ ಹನ್ನೊಂದನೆಯ ಸೀಸನ್ನಿಗೆ ಹೋಗಿ ಗೆದ್ದ. ಒಬ್ಬನೇ ಮನುಷ್ಯ ಎರಡೂ ಕಡೆ ಇದ್ದುದರಿಂದ ಈ ಎರಡು ಬಗೆಯ ಕಾರ್ಯಕ್ರಮಗಳ ವ್ಯತ್ಯಾಸ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸರಿಗಮಪದಲ್ಲಿ ನಾವು ತೂಗಿದ್ದು ಅವನ ಹಾಡನ್ನು. ಶ್ರುತಿ ತಪ್ಪಿದರೆ ತೀರ್ಪುಗಾರರಾದ ಗಾಯಕ ವಿಜಯ್ ಪ್ರಕಾಶ್ ಎಲ್ಲಿ ತಪ್ಪಿತು ಎಂದು ಹಾಡಿ ತೋರಿಸುತ್ತಿದ್ದರು, ಮುಂದಿನ ವಾರ ತಿದ್ದಿಕೊಂಡು ಬರಲು ದಾರಿ ಇತ್ತು. ಬಿಗ್ ಬಾಸ್‌ನಲ್ಲಿ ತೂಗಿದ್ದು ಅವನ ಸ್ವಭಾವವನ್ನು. ಅವನ ಮುಗ್ಧತೆ ನಿಜವೋ ಆಟವೋ ಎಂಬುದೇ ಅಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಅಂಥ ಆರೋಪಕ್ಕೆ ಯಾವ ಮನುಷ್ಯ ತಾನೇ ಪುರಾವೆ ತಂದು ತೋರಿಸಲು ಸಾಧ್ಯ? ಅವನು ಗೆದ್ದದ್ದು ನನಗೆ ಬಹಳ ಸಂತೋಷ ತಂದಿತು. ಆದರೂ ಒಬ್ಬ ಹುಡುಗನನ್ನು ತೂಗುವ ರೀತಿಯಲ್ಲಿ ಸರಿಗಮಪ ಹೆಚ್ಚು ನ್ಯಾಯವಾದದ್ದು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಹಂಸಲೇಖ ಅವರು ಮಹಾಗುರುವಾಗಿ ಕೂತ ಕಂತುಗಳಲ್ಲಿ ಹಾಡಿನ ಹಿಂದಿನ ಮಾತು ಸಿಗುತ್ತದೆ: ರಾಗ ಯಾವುದು, ಈ ಪದ ಇಲ್ಲಿ ಯಾಕೆ ಬಂತು, ಜಾನಪದದ ಯಾವ ಮಟ್ಟು ಸಿನಿಮಾಕ್ಕೆ ಹೇಗೆ ಬಂತು. ಮನೆಯಲ್ಲಿ ಸಂಗೀತ ಕಲಿಯುವ ಮಗು ಇದ್ದರೆ ಇದಕ್ಕಾಗಿಯೇ ನೋಡಬೇಕು. ಕೊರತೆಯೂ ಇದೆ. ಸ್ಪರ್ಧಿಯ ಬಡತನ, ಮನೆಯ ಕಷ್ಟವನ್ನು ಹಿನ್ನೆಲೆ ಸಂಗೀತದೊಂದಿಗೆ ಮತ್ತೆ ಮತ್ತೆ ತೋರಿಸುತ್ತಾರೆ. ಹಾಡು ಐದು ನಿಮಿಷ, ಮೆಚ್ಚುಗೆ, ಕಣ್ಣೀರು, ತಮಾಷೆ ಸೇರಿ ಇಪ್ಪತ್ತು ನಿಮಿಷ. ಬಡವನಾಗಿರುವುದು ಹಾಡುಗಾರನ ಅರ್ಹತೆಯೂ ಅಲ್ಲ, ಅನರ್ಹತೆಯೂ ಅಲ್ಲ. ಈ ಅಳಿಸುವ ಭಾಗ ಬೇಡವೆನ್ನುವವರು ಮೊಬೈಲಿನಲ್ಲಿ ಹಾಡಿನ ತುಣುಕುಗಳನ್ನಷ್ಟೇ ನೋಡಬಹುದು. ಇದರಲ್ಲಿ ಕಥೆ ತಪ್ಪಿಹೋಗುವ ಭಯವಿಲ್ಲ.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಈಟಿವಿಯಲ್ಲಿ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ನೋಡಿ ಬೆಳೆದವರಿಗೆ ಇಂದಿನ ಸಂಗೀತ ಸ್ಪರ್ಧೆಗಳ ಗದ್ದಲ ಹೆಚ್ಚೆನ್ನಿಸುವುದು ಸಹಜ. ಅಲ್ಲಿ ತೀರ್ಪಿಗಿಂತ ತಿದ್ದುವಿಕೆ ಹೆಚ್ಚಿತ್ತು. ಅವರು ತೀರಿಕೊಂಡ ಮರುವರ್ಷ, 2021ರಲ್ಲಿ, ಕಲರ್ಸ್ ಕನ್ನಡ ಅದೇ ಹೆಸರಿನಲ್ಲಿ ಹೊಸ ಸ್ಪರ್ಧೆ ನಡೆಸಿತು. ಚೆನ್ನಾಗಿಯೇ ಇತ್ತು, ಆದರೆ ಎಸ್‌ಪಿಬಿ ಇಲ್ಲದ ಕೊರತೆ ತುಂಬುವಂಥದ್ದಲ್ಲ.

ವೀಕೆಂಡ್ ವಿತ್ ರಮೇಶ್: ಹಿರಿಯರಿರುವ ಮನೆಗೆ

ಇದರಲ್ಲಿ ಸ್ಪರ್ಧೆಯಿಲ್ಲ, ಮತವಿಲ್ಲ, ಹೊರಹಾಕುವುದಿಲ್ಲ. 2014ರಲ್ಲಿ ಪುನೀತ್ ರಾಜಕುಮಾರ್ ಅವರೊಂದಿಗೆ ಜೀ ಕನ್ನಡದಲ್ಲಿ ಶುರುವಾಯಿತು. ಸಾಧಕರೊಬ್ಬರನ್ನು ಕೆಂಪು ಕುರ್ಚಿಯಲ್ಲಿ ಕೂರಿಸಿ, ಅವರ ಹುಟ್ಟೂರು, ಶಾಲೆ, ಹಳೆಯ ಗೆಳೆಯರು, ಪಾಠ ಹೇಳಿದ ಮೇಷ್ಟ್ರು ಎಲ್ಲರನ್ನೂ ಹುಡುಕಿ ಎದುರಿಗೆ ತಂದು ನಿಲ್ಲಿಸುತ್ತಾರೆ. ರಮೇಶ್ ಅರವಿಂದ್ ಅವರ ದೊಡ್ಡ ಗುಣ ಎದುರಿನವರ ಮಾತನ್ನು ಕತ್ತರಿಸದಿರುವುದು. ಒಳ್ಳೆಯ ಕನ್ನಡ, ಮೆಲುದನಿ, ಅವಸರವಿಲ್ಲ.

ಯಾರಿಂದ ಶುರು ಮಾಡಬೇಕು ಎಂದು ಕೇಳಿದರೆ ನಾನು ದೊಡ್ಡ ತಾರೆಯರ ಕಂತುಗಳನ್ನು ಹೇಳುವುದಿಲ್ಲ. ವಾಯುಪಡೆಯಲ್ಲಿ ಸೇವೆ ಮಾಡಿ ಬಂದ ನಟ ದತ್ತಣ್ಣ ಅವರ ಕಂತು, ಜಯದೇವ ಹೃದ್ರೋಗ ಆಸ್ಪತ್ರೆಯನ್ನು ಬೆಳೆಸಿದ ಡಾ. ಸಿ.ಎನ್. ಮಂಜುನಾಥ್ ಅವರ ಕಂತು, ಮೈಸೂರಿನಲ್ಲಿ ‘ನಟನ’ ರಂಗಶಾಲೆ ನಡೆಸುವ ಮಂಡ್ಯ ರಮೇಶ್ ಅವರ ಕಂತು ನೋಡಿ. ಐವತ್ತು ವರ್ಷದ ಹಿಂದಿನ ರಂಗಭೂಮಿ, ಹಾಸ್ಟೆಲ್, ಹೋಟೆಲಿನ ಸಾಲದ ಲೆಕ್ಕ, ಊರಿನ ಶಾಲೆ ಇವೆಲ್ಲ ಅಲ್ಲಿ ಬರುತ್ತವೆ. ನಾಲ್ಕನೆಯ ಸೀಸನ್ನಿನ ಸುಧಾ ಮೂರ್ತಿ ಮತ್ತು ನಾರಾಯಣ ಮೂರ್ತಿ ಅವರ ಕಂತು ಬಹಳ ಮನೆಗಳಲ್ಲಿ ಮೆಚ್ಚುಗೆ ಪಡೆದದ್ದು.

ಇದರ ಮಿತಿ ಎಂದರೆ ಕಷ್ಟದ ಪ್ರಶ್ನೆ ಕೇಳುವುದಿಲ್ಲ. ಬಂದವರ ಸೋಲು ಗೆಲುವಿನ ಮೆಟ್ಟಿಲಾಗಿ ಮಾತ್ರ ಕಾಣುತ್ತದೆ. ಅವರು ಇತರರಿಗೆ ಮಾಡಿದ ತಪ್ಪಿನ ಮಾತು ಬರುವುದೇ ಇಲ್ಲ. ಐದನೆಯ ಸೀಸನ್ನಿನಲ್ಲಿ ನೂರನೆಯ ಅತಿಥಿಯಾಗಿ ಡಿ.ಕೆ. ಶಿವಕುಮಾರ್ ಬಂದರು. ಅಧಿಕಾರದಲ್ಲಿರುವವರನ್ನು ಇಂಥ ಕುರ್ಚಿಯಲ್ಲಿ ಕೂರಿಸಿದಾಗ ಈ ಮಿತಿ ಇನ್ನೂ ಎದ್ದು ಕಾಣುತ್ತದೆ, ಅವರು ಯಾವ ಪಕ್ಷದವರೇ ಆಗಿರಲಿ. ಅದನ್ನು ತಿಳಿದು ನೋಡಿದರೆ ತೊಂದರೆಯಿಲ್ಲ. ಪ್ರತಿ ಕಂತೂ ತನ್ನಷ್ಟಕ್ಕೆ ಪೂರ್ಣ, ಆದ್ದರಿಂದ ತಿಂಗಳಿಗೆ ಒಂದು ನೋಡಿದರೂ ಸಾಕು. ಹಾಸಿಗೆ ಹಿಡಿದ ಹಿರಿಯರ ಜೊತೆ ಮಧ್ಯಾಹ್ನ ಕೂತು ನೋಡಲು ಇದಕ್ಕೆ ಸಾಟಿಯಿಲ್ಲ. ಅವರ ಹಳೆಯ ನೆನಪುಗಳೂ ಜೊತೆಗೇ ಹೊರಬರುತ್ತವೆ.

ಎರಡು ರಸಪ್ರಶ್ನೆ: ಕೋಟಿ ಮತ್ತು ಪುಸ್ತಕ

‘ಕನ್ನಡದ ಕೋಟ್ಯಧಿಪತಿ’ 2012ರಲ್ಲಿ ಸುವರ್ಣದಲ್ಲಿ ಪುನೀತ್ ಅವರ ನಿರೂಪಣೆಯಲ್ಲಿ ಬಂತು. 2018ರಲ್ಲಿ ರಮೇಶ್ ಅರವಿಂದ್, 2019ರಲ್ಲಿ ಕಲರ್ಸ್ ಕನ್ನಡದಲ್ಲಿ ಮತ್ತೆ ಪುನೀತ್. ಇದರ ಜೀವಾಳ ಪ್ರಶ್ನೆಯಲ್ಲ, ಆಟಕ್ಕೆ ಕೂತವರ ಬದುಕು. ಮಗಳ ಮದುವೆ, ಮನೆಯ ಸಾಲ, ಅರ್ಧಕ್ಕೆ ನಿಂತ ಓದು. ಪುನೀತ್ ಅವರು ಹಳ್ಳಿಯಿಂದ ಬಂದ ಹೆದರಿದ ಮುಖವನ್ನು ಎರಡು ಮಾತಿನಲ್ಲಿ ಸಮಾಧಾನಪಡಿಸುತ್ತಿದ್ದ ಬಗೆಯನ್ನು ನಾನು ಬೇರೆ ನಿರೂಪಕರಲ್ಲಿ ಕಂಡಿಲ್ಲ. ನಾನು ಮೇಲೆ ಹೇಳಿದ ಅಳತೆಯಲ್ಲಿ ಅವರ ಕಂತುಗಳಿಗೆ ಪೂರ್ತಿ ಅಂಕ. ಆದರೆ ಒಂದು ಪ್ರಶ್ನೆಗೂ ಇನ್ನೊಂದು ಪ್ರಶ್ನೆಗೂ ನಡುವೆ ಎಳೆತ ಬಹಳ, ಕಲಿಕೆ ಕಡಿಮೆ.

ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ ಇದಕ್ಕೆ ಪೂರ್ತಿ ಎದುರು. 2002ರ ಜನವರಿಯಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುತ್ತಿದ್ದಾರೆ. ಸರಿಯುತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ದೀಪಗಳ ಅಬ್ಬರವಿಲ್ಲ, ಹೃದಯ ಬಡಿತದ ಸದ್ದಿಲ್ಲ. ಪ್ರಶ್ನೆಯ ಬೆನ್ನಿಗೇ ವಿವರಣೆ ಬರುತ್ತದೆ: ಗಾದೆಯ ಅರ್ಥ, ದೇಹದ ಅಂಗವೊಂದರ ಕೆಲಸ, ಒಂದು ವಚನದ ಸಾಲು. ಇದನ್ನು ರಿಯಾಲಿಟಿ ಶೋ ಎನ್ನಬೇಕೇ ಎಂದು ಯಾರಾದರೂ ಕೇಳಬಹುದು. ಸಾಮಾನ್ಯರು ಬಂದು ಕೂತು ತಮ್ಮ ತಿಳಿವನ್ನು ಒರೆಗೆ ಹಚ್ಚುವುದಕ್ಕಿಂತ ಹೆಚ್ಚಿನ ವಾಸ್ತವ ಇನ್ನೇನಿದೆ? ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿರುವ ಮನೆಗೆ, ಕೆ.ಎ.ಎಸ್. ಅಥವಾ ಎಫ್.ಡಿ.ಎ. ಪರೀಕ್ಷೆಗೆ ಓದುವವರಿಗೆ, ನನ್ನ ಮೊದಲ ಆಯ್ಕೆ ಇದೇ. ಸೋತವರನ್ನು ಇದು ಒಮ್ಮೆಯೂ ಸಣ್ಣವರನ್ನಾಗಿ ಮಾಡುವುದಿಲ್ಲ.

ನಗು, ಮತ್ತು ಮಕ್ಕಳ ವೇದಿಕೆ

ನಗಿಸುವ ಕಾರ್ಯಕ್ರಮಗಳಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ ಮತ್ತು ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ನಡುವೆ ಆರಿಸಬೇಕಾದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಮಜಾ ಟಾಕೀಸ್‌ನಲ್ಲಿ ಅತಿಥಿಗಳು ಸಿನಿಮಾ ಪ್ರಚಾರಕ್ಕೆ ಬರುವುದರಿಂದ ಹಾಸ್ಯ ಅವರ ಸುತ್ತಲೇ ಸುತ್ತುತ್ತದೆ, ಮೈಬಣ್ಣ, ದಪ್ಪ, ಕುಳ್ಳು ಎಂಬ ಹಾಸ್ಯ ಅತಿಯಾಗುತ್ತದೆ. ಅಲ್ಲಿ ನನ್ನನ್ನು ಹಿಡಿದಿಟ್ಟದ್ದು ವರಲಕ್ಷ್ಮಿಯ ಪಾತ್ರದ ಅಪರ್ಣಾ. ಅಚ್ಚ ಕನ್ನಡದ ನಿರೂಪಣೆಗೆ ಹೆಸರಾದ, ನಮ್ಮ ಮೆಟ್ರೋದಲ್ಲಿ ದನಿಯಾದ ಆ ಹೆಣ್ಣುಮಗಳು ಅಷ್ಟು ಧಾರಾಳವಾಗಿ ನಗಿಸಬಲ್ಲರು ಎಂದು ತೋರಿಸಿದ್ದು ಆ ಕಾರ್ಯಕ್ರಮವೇ. 2024ರಲ್ಲಿ ಅವರು ತೀರಿಕೊಂಡರು. ಹಳೆಯ ಕಂತುಗಳನ್ನು ಅವರಿಗಾಗಿ ನೋಡಬಹುದು. ಕಾಮಿಡಿ ಕಿಲಾಡಿಗಳು ಕಿರುನಾಟಕಗಳ ಸ್ಪರ್ಧೆ. ಬಹಳಷ್ಟು ಮಂದಿ ಹವ್ಯಾಸಿ ರಂಗಭೂಮಿಯಿಂದ ಬಂದವರು, ತಮ್ಮೂರಿನ ಮಾತನ್ನೇ ಆಡುವವರು. ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಆಮೇಲೆ ಸಿನಿಮಾಗಳಲ್ಲಿ ನೆಲೆ ಕಂಡರು. ಕೆಲಸ ಮುಗಿಸಿ ದಣಿದು ಬಂದು ಇಪ್ಪತ್ತು ನಿಮಿಷ ಮನಸ್ಸು ಹಗುರ ಮಾಡಿಕೊಳ್ಳಲು ಒಂದು ಸ್ಕಿಟ್ ಸಾಕು.

‘ಡ್ರಾಮಾ ಜೂನಿಯರ್ಸ್’ ಬಗ್ಗೆ ನನ್ನಲ್ಲಿ ಎರಡು ಮನಸ್ಸಿದೆ. ಮೊದಲ ಸೀಸನ್ನಿನಲ್ಲಿ ನಟಿ ಲಕ್ಷ್ಮಿ, ಟಿ.ಎನ್. ಸೀತಾರಾಮ್, ವಿಜಯ ರಾಘವೇಂದ್ರ ತೀರ್ಪುಗಾರರಾಗಿ ಕೂತಿದ್ದರು, ಮಕ್ಕಳು ಪೌರಾಣಿಕ ಸಂಭಾಷಣೆಯನ್ನು ಉಸಿರು ಬಿಡದೆ ಹೇಳಿದಾಗ ಮೈ ನವಿರೇಳುತ್ತಿತ್ತು. ಕನ್ನಡದ ಉಚ್ಚಾರಣೆ ಕಲಿಯಲು ಅದಕ್ಕಿಂತ ಒಳ್ಳೆಯದು ಮಕ್ಕಳಿಗೆ ಸಿಗದು. ಆದರೆ ಆರು ವರ್ಷದ ಮಗುವಿನ ಬಾಯಲ್ಲಿ ಗಂಡ-ಹೆಂಡತಿಯ ಜಗಳ ಹೇಳಿಸಿ ನಗುವುದು ನನಗೆ ಒಗ್ಗುವುದಿಲ್ಲ. ಸೋತ ಮಗು ಅಳುವಾಗ ಕ್ಯಾಮೆರಾ ಅತ್ತ ತಿರುಗಬಾರದು. ನೋಡುವುದಲ್ಲದೆ ತಮ್ಮ ಮಗುವನ್ನು ಇಂಥ ಕಾರ್ಯಕ್ರಮಕ್ಕೆ ಕಳಿಸಲು ಯೋಚಿಸುವ ತಂದೆತಾಯಂದಿರು ಕಾನೂನನ್ನು ತಿಳಿದಿರಬೇಕು. ಬಾಲಕಾರ್ಮಿಕ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಮೂರು ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ದುಡಿಸುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟು ಅದರ ಹೆಸರಿನಲ್ಲೇ ನಿಶ್ಚಿತ ಠೇವಣಿಯಾಗಬೇಕು. ಆಡಿಷನ್ನಿಗೆ ಕರೆದಾಗಲೇ ಈ ಮೂರನ್ನೂ ಕೇಳಿ. ಹಿಂಜರಿಯಬೇಕಾದ್ದಿಲ್ಲ.

ದುಡ್ಡು ಮತ್ತು ನಿಮ್ಮ ಮನೆ

ಇದೊಂದು ಪ್ರಾಯೋಗಿಕ ಸಂಗತಿ, ಮತ್ತು ಹಲವರ ಗೊಂದಲ ಇಲ್ಲೇ ಅರ್ಧ ಬಗೆಹರಿಯುತ್ತದೆ. ಕಲರ್ಸ್ ಕನ್ನಡದ ಬಿಗ್ ಬಾಸ್, ಮಜಾ ಟಾಕೀಸ್ ಸಿಗುವುದು ಜಿಯೋಹಾಟ್‌ಸ್ಟಾರ್‌ನಲ್ಲಿ. ಜೀ ಕನ್ನಡದ ಸರಿಗಮಪ, ವೀಕೆಂಡ್ ವಿತ್ ರಮೇಶ್, ಕಾಮಿಡಿ ಕಿಲಾಡಿಗಳು, ಡ್ರಾಮಾ ಜೂನಿಯರ್ಸ್ ಜೀ5ರಲ್ಲಿ. ಒಂದಕ್ಕೆ ಮಾತ್ರ ಕಟ್ಟುವ ಶಕ್ತಿ ಇದ್ದರೆ, ವರ್ಷವಿಡೀ ಬೇಕಾದದ್ದು ಇರುವುದು ಎರಡನೆಯದರಲ್ಲಿ. ಬಿಗ್ ಬಾಸ್ ಒಂದಕ್ಕಾಗಿ ವರ್ಷದ ಚಂದಾ ಕಟ್ಟಬೇಡಿ. ಆ ನಾಲ್ಕು ತಿಂಗಳಿಗೆ ಬೇಕಾದಷ್ಟೇ ಕಟ್ಟಿ ನಿಲ್ಲಿಸಿ. ಕೇಬಲ್ ಅಥವಾ ಡಿಟಿಎಚ್ ಇರುವವರಿಗೆ ಎರಡೂ ವಾಹಿನಿ ಸಾಮಾನ್ಯವಾಗಿ ಕನ್ನಡದ ಪ್ಯಾಕಿನಲ್ಲೇ ಬರುವುದರಿಂದ ಆ್ಯಪ್ ಬೇಕಾಗುವುದು ತಪ್ಪಿಹೋದ ಕಂತಿಗೆ ಮಾತ್ರ. ತಿಂಗಳ ಖರ್ಚೇ ಬೇಡವೆನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ, ಒಮ್ಮೆ ಡಿಶ್ ಮತ್ತು ಪೆಟ್ಟಿಗೆ ಕೊಂಡರೆ ಆಮೇಲೆ ಚಂದಾ ಇಲ್ಲ, ಚಂದನ ಅದರಲ್ಲಿ ಬರುತ್ತದೆ.

ಗಂಡ-ಹೆಂಡತಿ ಇಬ್ಬರೇ ಇದ್ದು, ಮಕ್ಕಳು ದೂರದಲ್ಲಿದ್ದರೆ ಬಿಗ್ ಬಾಸ್ ನೋಡಲು ನನ್ನ ಅಡ್ಡಿಯಿಲ್ಲ. ದಿನವೂ ಮಾತಿಗೊಂದು ವಿಷಯ ಸಿಗುತ್ತದೆ, ಅಮೆರಿಕದಲ್ಲಿರುವ ಮಗನೂ ಅದನ್ನೇ ನೋಡುತ್ತಿದ್ದರೆ ಫೋನಿನಲ್ಲಿ ಹವಾಮಾನದ ಮಾತು ಬಿಟ್ಟು ಬೇರೆ ಮಾತನಾಡಬಹುದು. ಒಬ್ಬರೇ ಪಿಜಿಯಲ್ಲಿರುವ ಹುಡುಗ ಹುಡುಗಿಯರಿಗೆ ವಾರಾಂತ್ಯದ ಎರಡು ಕಂತು, ಉಳಿದ ದಿನ ಕಾಮಿಡಿ ಕಿಲಾಡಿಗಳ ಹಳೆಯ ಸ್ಕಿಟ್‌ಗಳು ಸಾಕು. ನೂರೈವತ್ತು ಗಂಟೆ ನಿಮ್ಮ ವಯಸ್ಸಿನಲ್ಲಿ ಬಹಳ ದೊಡ್ಡದು. ಮೂರು ತಲೆಮಾರು ಒಟ್ಟಿಗಿರುವ ಮನೆಯಲ್ಲಿ ಶನಿವಾರ, ಭಾನುವಾರದ ಸಂಜೆ ಸರಿಗಮಪಕ್ಕೆ ಮೀಸಲಿಡಿ, ಅದು ಬರದ ತಿಂಗಳುಗಳಲ್ಲಿ ವೀಕೆಂಡ್ ವಿತ್ ರಮೇಶ್ ಹಳೆಯ ಕಂತುಗಳನ್ನು ಅಜ್ಜಿಯ ಆಯ್ಕೆಗೆ ಬಿಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ವಾರದ ದಿನಗಳಲ್ಲಿ ಥಟ್ ಅಂತ ಹೇಳಿ ಒಂದೇ ಸಾಕು, ಉತ್ತರವನ್ನು ಮಗು ಮೊದಲು ಹೇಳಲಿ, ಅಪ್ಪ ಸ್ವಲ್ಪ ತಡೆದುಕೊಳ್ಳಲಿ.

ಇಷ್ಟಾದರೂ ಮನೆಯವರಲ್ಲಿ ಒಮ್ಮತ ಬಾರದಿದ್ದರೆ ಹೀಗೆ ಮಾಡಿ: ಜಗಳದಲ್ಲಿರುವ ಎರಡು ಕಾರ್ಯಕ್ರಮಗಳಲ್ಲೂ ಯಾರಾದರೂ ಸೋತು ಹೊರಹೋಗುವ ಕಂತೊಂದನ್ನು ಎಲ್ಲರೂ ಕೂತು ನೋಡಿ. ಗೆಲ್ಲುವ ಕಂತು ಎಲ್ಲ ಕಡೆಯೂ ಒಂದೇ ತರಹ ಚೆಂದ. ಸೋತವರಿಗೆ ಎಷ್ಟು ಹೊತ್ತು ಮಾತನಾಡಲು ಬಿಟ್ಟರು, ಏನು ಹೇಳಿ ಕಳಿಸಿದರು ಎಂಬುದನ್ನು ಗಮನಿಸಿ. ಆಮೇಲೆ ಯಾವುದು ಬೇಕೆಂದು ಮೊದಲು ಅಮ್ಮನನ್ನು ಕೇಳಿ.